ಮಕ್ಕಳಾಗಲಿಲ್ಲ ಅಂತ ಮೊದಲ ಸಲ ಡಾಕ್ಟರ್ ಹತ್ತಿರ ಹೋಗುವ ಮುಂಚೆ

ಮದುವೆಯಾಗಿ ಮೂರು ತಿಂಗಳಾಗುವುದೇ ತಡ, "ಏನಮ್ಮ, ವಿಶೇಷ ಏನಾದ್ರೂ ಇದೆಯಾ?" ಶುರುವಾಗುತ್ತದೆ. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವಳಲ್ಲ. ಆದರೆ ಮಗು ಬೇಕು ಅಂತ ನಾವೇ ನಿರ್ಧಾರ ಮಾಡಿ ವರ್ಷ ದಾಟಿದ ಮೇಲೂ ಏನೂ ಆಗದಿದ್ದಾಗ ತೋರಿಸಲೇಬೇಕು ಅನ್ನಿಸಿತು. ಡಾಕ್ಟರುಗಳ ಲೆಕ್ಕವೂ ಅದೇ. ಯಾವ ಮಾತ್ರೆ, ನಿರೋಧ್ ಇಲ್ಲದೆ ಒಂದು ವರ್ಷ ಕೂಡಿದರೂ ಗರ್ಭ ನಿಲ್ಲದಿದ್ದರೆ ತೋರಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ. 40 ಆಗಿದ್ದರೆ ಕಾಯುವ ಮಾತೇ ಇಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೂ ವರ್ಷ ಕಾಯಬಾರದು. ಮನೆಯಲ್ಲಿ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಬನ್ನಿ ಅಂದರು. ಹೋಗಿ ಬಂದೆವು. ದೇವರಿಗೂ ಡಾಕ್ಟರಿಗೂ ಜಗಳವೇನಿಲ್ಲ. ಒಂದಕ್ಕೆ ಕಾದು ಇನ್ನೊಂದನ್ನು ಮುಂದೂಡಬೇಡಿ, ಅಷ್ಟೇ.

ನಾವಿರುವುದು ಶಿವಮೊಗ್ಗದಲ್ಲಿ. ಇವರು ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಒಂದು ಸೊಸೈಟಿಯಲ್ಲಿ ಕ್ಯಾಷಿಯರ್. ಮೊದಲ ಭೇಟಿಗೇ ಬೆಂಗಳೂರಿನ ಐವಿಎಫ್ (ಟೆಸ್ಟ್‌ಟ್ಯೂಬ್ ಬೇಬಿ) ಸೆಂಟರಿಗೆ ಓಡಬೇಕಾ ಅಂತ ತಲೆಯಲ್ಲಿ ಇತ್ತು. ಹೈವೇ ತುಂಬಾ ಅವರದೇ ಬೋರ್ಡು ಅಲ್ವಾ. ಬೇಕಾಗಿಲ್ಲ. ಮೊದಲ ಹಂತದ ವಿಚಾರಣೆ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಇಷ್ಟನ್ನೂ ಹತ್ತಿರದ ಒಳ್ಳೆಯ ಹೆಂಗಸರ ಡಾಕ್ಟರ್ ಮಾಡುತ್ತಾರೆ. ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಾದರೆ ಖರ್ಚೂ ಕಡಿಮೆ. ಮುಂದೆ ಐವಿಎಫ್ ತನಕ ಹೋಗಬೇಕಾಗಿ ಬಂದರೆ ಒಂದು ಮಾತು ನೆನಪಿರಲಿ. 2021ರ ಎಆರ್‌ಟಿ ಕಾಯ್ದೆ (ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು) ಬಂದ ಮೇಲೆ ಇಂಥ ಕ್ಲಿನಿಕ್‌ಗಳು ನೋಂದಣಿ ಮಾಡಿಸಿರಲೇಬೇಕು. ಅದನ್ನು ಧೈರ್ಯವಾಗಿ ಕೇಳಬಹುದು.

ಮೊದಲ ಭೇಟಿ ಅಂದರೆ ಮುಕ್ಕಾಲು ಪಾಲು ಮಾತೇ. ಡಾಕ್ಟರ್ ಕೇಳುತ್ತಾ ಹೋಗುತ್ತಾರೆ, ನಾವು ಹೇಳಬೇಕು. ಹೊರಗೆ ಮೂವತ್ತು ಟೋಕನ್ ಕಾಯುತ್ತಿರುತ್ತವೆ. ಅಲ್ಲಿ ಕೂತು "ಹೋದ ತಿಂಗಳು ಡೇಟ್ ಯಾವಾಗ ಆಯ್ತು ರೀ?" ಅಂತ ಗಂಡನ ಮುಖ ನೋಡಿದರೆ ಸಿಕ್ಕಿದ್ದ ಹತ್ತು ನಿಮಿಷ ಅದರಲ್ಲೇ ಹೋಗುತ್ತದೆ. ಹಾಗಾಗಿ ನನ್ನ ತಯಾರಿಯೆಲ್ಲ ಒಂದು ಹಾಳೆಯ ಸುತ್ತಲೇ ಇತ್ತು.

ಮೊದಲು ಮುಟ್ಟಿನ ಲೆಕ್ಕ. ನನಗೆ ಮೊಬೈಲ್ ಆಪ್ ಅಭ್ಯಾಸವಿಲ್ಲ. ಗೋಡೆ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಪೆನ್ನಿನಿಂದ ಒಂದು ಚುಕ್ಕಿ ಇಡುತ್ತೇನೆ, ಅಮ್ಮ ಇಡುತ್ತಿದ್ದ ಹಾಗೆ. ಈ ವರ್ಷದ್ದು ಗೋಡೆ ಮೇಲೇ ಇತ್ತು. ಹೋದ ವರ್ಷದ ಕ್ಯಾಲೆಂಡರ್ ಅಡಿಗೆಮನೆ ಕಪಾಟಿನಲ್ಲಿ ಬೇಳೆ ಡಬ್ಬಗಳ ಕೆಳಗೆ ಹಾಸಾಗಿತ್ತು. ಡಬ್ಬಗಳನ್ನು ಇಳಿಸಿ ಹಾಳೆಗಳನ್ನು ಎಳೆದೆ. ಆಗಸ್ಟ್ ಮೇಲೆ ಎಣ್ಣೆ ಜಿಡ್ಡು, ನವೆಂಬರ್ ಮೇಲೆ ಅರಿಶಿನ. ಚುಕ್ಕಿಗಳು ಮಾತ್ರ ಕಾಣುತ್ತಿದ್ದವು. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಎಣಿಸುತ್ತಾ ಹೋದರೆ ಒಮ್ಮೆ 33 ದಿನ, ಒಮ್ಮೆ 38, ಮತ್ತೊಮ್ಮೆ 35. ಸರಿಯಾಗಿ ತಿಂಗಳಿಗೊಮ್ಮೆ ಆಗುತ್ತದೆ ಅಂತಲೇ ಎಲ್ಲರೂ ಹೇಳುವುದು. ಎಣಿಸಿದರೆ ಕಥೆ ಬೇರೆ ಇರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಅಂಡ ಬಿಡುಗಡೆ ಆಗುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. 28 ದಿನಕ್ಕೆ ಮುಟ್ಟಾಗುವವರಿಗೆ ಅದು 14ನೇ ದಿನ. 35 ದಿನದವರಿಗೆ 21ನೇ ದಿನದ ಆಸುಪಾಸು. ಗರ್ಭ ನಿಲ್ಲುವ ಅವಕಾಶ ಆ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನ. ಎಲ್ಲರೂ ಹೇಳುವ "21ನೇ ದಿನದ ರಕ್ತ ಪರೀಕ್ಷೆ"ಯೂ ಹಾಗೇ. ಅಂಡ ಬಿಡುಗಡೆ ಆಯಿತಾ ಅಂತ ತಿಳಿಯಲು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ನೋಡುವುದು ಮುಂದಿನ ಮುಟ್ಟಿಗೆ ಒಂದು ವಾರ ಮುಂಚೆ. 35 ದಿನದವರು 21ಕ್ಕೆ ಮಾಡಿಸಿದರೆ ದುಡ್ಡು ದಂಡ, ರಿಪೋರ್ಟ್ ನೋಡಿ ಸುಮ್ನೆ ಗಾಬರಿ. ಇನ್ನೊಂದು, ಮೊದಲ ದಿನ ಅಂದರೆ ಸರಿಯಾಗಿ ಹರಿವು ಶುರುವಾದ ದಿನ. ಅದಕ್ಕೆ ಮುಂಚೆ ಒಂದೆರಡು ಹನಿ ಕಂಡದ್ದು ಲೆಕ್ಕಕ್ಕಿಲ್ಲ. ಹೊಟ್ಟೆನೋವು ಎಷ್ಟು, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಗಡ್ಡೆ ಹೋಗುತ್ತದಾ ಅನ್ನುವುದನ್ನೂ ಪಕ್ಕದಲ್ಲಿ ಬರೆದೆ.

ಆಮೇಲೆ ಹಳೆಯ ಕಾಯಿಲೆಗಳು. ಇಲ್ಲಿ ಪೆನ್ನು ನಿಂತಿತು.

ಡಿಗ್ರಿ ಓದುವಾಗ ನನ್ನ ಕುತ್ತಿಗೆಯಲ್ಲಿ ಗಂಟಾಗಿತ್ತು. ಟಿಬಿ ಅಂದರು. ಆರು ತಿಂಗಳು ಮಾತ್ರೆ ನುಂಗಿದೆ, ವಾಸಿಯಾಯಿತು. ಗಂಡು ನೋಡುವಾಗ ಅಮ್ಮ "ವಾಸಿಯಾಗಿದ್ದನ್ನ ಯಾಕೆ ಎತ್ತೋದು" ಅಂದಿದ್ದಳು. ಹಾಗಾಗಿ ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಟಿಬಿ ಕೆಲವರಿಗೆ ಗರ್ಭನಾಳಕ್ಕೂ (ಡಾಕ್ಟರುಗಳ ಮಾತಿನಲ್ಲಿ ಟ್ಯೂಬ್) ತಗುಲುತ್ತದೆ. ನಮ್ಮ ದೇಶದಲ್ಲಿ ನಾಳ ಮುಚ್ಚಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಡಾಕ್ಟರಿಗೆ ಇದನ್ನು ಹೇಳದೆ ಹೋಗುವುದು ಸಾಧ್ಯವೇ ಇಲ್ಲ. ಅವರೆದುರು ಇವರು ಮೊದಲ ಸಲ ಕೇಳಿಸಿಕೊಳ್ಳುವುದೂ ಚೆನ್ನಾಗಿರುವುದಿಲ್ಲ. ರಾತ್ರಿ ಊಟ ಆದ ಮೇಲೆ "ರೀ, ಒಂದು ವಿಷಯ ಹೇಳ್ಬೇಕು" ಅಂತ ಕೂತೆ. ಪೂರ್ತಿ ಕೇಳಿದರು. "ಇಷ್ಟೇನಾ? ನಮ್ಮ ಫೌಂಡ್ರಿಯಲ್ಲೇ ಮೂರು ಜನ ತಗೊಂಡಿದಾರೆ ಆ ಮಾತ್ರೆ. ಅಮ್ಮಂಗೆ ಮಾತ್ರ ಹೇಳ್ಬೇಡ" ಅಂದರು.

ಹಳೆಯ ಚೀಟಿ ಸಿಗಲಿಲ್ಲ. ಸಿಗದಿದ್ದರೂ ಪರವಾಗಿಲ್ಲ, ನೆನಪಿದ್ದಷ್ಟು ಬರೆಯಿರಿ. ಎಷ್ಟೋ ಜನಕ್ಕೆ ಯಾವ ಮಾತ್ರೆ ತಗೊಂಡೆ ಅಂತಲೇ ಗೊತ್ತಿರುವುದಿಲ್ಲ. ಮೂತ್ರ ಕೇಸರಿ ಬಣ್ಣಕ್ಕೆ ಹೋಗುತ್ತಿತ್ತು ಅಂದರೂ ಡಾಕ್ಟರಿಗೆ ಸುಳಿವು ಸಿಗುತ್ತದೆ. ಅಪೆಂಡಿಕ್ಸ್ ಆಪರೇಷನ್, ಥೈರಾಯ್ಡ್, ಶುಗರ್, ಹಿಂದೆ ಗರ್ಭ ನಿಂತು ಹೋಗಿದ್ದು ಅಥವಾ ತೆಗೆಸಿದ್ದು, ಇವೆಲ್ಲ ಬರಲೇಬೇಕು. ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿಯೂ ಬೇಕು, ನಾಟಿ ಔಷಧ, ಚೂರ್ಣ, ಲೇಹ್ಯ ಸಮೇತ. ನಾನು ಡಬ್ಬಿಯ ಫೋಟೋ ತೆಗೆದುಕೊಂಡು ಹೋದೆ.

ಹಾಳೆಯ ಹಿಂಬದಿ ಇವರದ್ದು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಆದರೂ ಆಸ್ಪತ್ರೆ ಬೆಂಚಿನ ಮೇಲೆ ನೋಡಿ, ಕೂತಿರುವುದು ಹೆಂಗಸು ಮತ್ತು ಅವಳ ಅತ್ತೆ. ನನಗೆ ಇದು ಸಿಟ್ಟು ತರಿಸುವ ವಿಷಯ. ನಮ್ಮ ಪರಿಚಯದವಳೊಬ್ಬಳು ಗಂಡನ ಒಂದು ಟೆಸ್ಟೂ ಆಗದೆ ಎರಡು ವರ್ಷ ಮಾತ್ರೆ ನುಂಗಿದ್ದಾಳೆ. ಅವನ ಟೆಸ್ಟಿಗೆ ಬೇಕಾಗಿದ್ದುದು ಒಂದು ಪ್ಲಾಸ್ಟಿಕ್ ಡಬ್ಬಿ.

ಇವರಿಗೆ ನಾನು ಕೇಳಿ ಬರೆದದ್ದು: ದೊಡ್ಡವರಾದ ಮೇಲೆ ಮಂಗನಬಾವು ಬಂದು ಬೀಜ ಊದಿಕೊಂಡಿತ್ತಾ, ಚಿಕ್ಕವರಿದ್ದಾಗ ಹರ್ನಿಯಾ ಆಪರೇಷನ್ ಆಗಿತ್ತಾ, ಗುಟ್ಕಾ, ಸಿಗರೇಟು, ಕುಡಿತ ಎಷ್ಟು, ಈಚೆಗೆ ಜೋರು ಜ್ವರ ಬಂದಿತ್ತಾ. ವೀರ್ಯಾಣು ತಯಾರಾಗಲು ಎರಡು ತಿಂಗಳ ಮೇಲೆ ಬೇಕು. ಹಾಗಾಗಿ ಹಿಂದಿನ ತಿಂಗಳ ಡೆಂಗಿ ಜ್ವರ ಈ ತಿಂಗಳ ರಿಪೋರ್ಟಿನಲ್ಲಿ ಕಾಣಬಹುದು. ಜಿಮ್ಮಿಗೆ ಹೋಗುವ ಹುಡುಗರು ತೆಗೆದುಕೊಳ್ಳುವ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಿಬಿಡುತ್ತದೆ. ಗಂಡಸುತನ ಜಾಸ್ತಿಯಾಗುತ್ತದೆ ಅಂದುಕೊಂಡಿರುತ್ತಾರೆ ಪಾಪ. ಇವರದ್ದು ಕುಲುಮೆ ಮುಂದಿನ ಕೆಲಸ. ದಿನಕ್ಕೆ ಎಷ್ಟು ಹೊತ್ತು ಕಾವಿನ ಹತ್ತಿರ ನಿಲ್ಲುತ್ತಾರೆ ಅಂತ ಬರೆದೆ. ಡಾಕ್ಟರ್ ಅದನ್ನೇ ಕೇಳಿದರು ಕೂಡ.

ಇನ್ನು ನಾಚಿಕೆಯ ಪ್ರಶ್ನೆ. "ವಾರಕ್ಕೆ ಎಷ್ಟು ಸಲ ಸೇರ್ತೀರಿ? ನೋವಾಗುತ್ತಾ? ಪೂರ್ತಿ ಆಗುತ್ತಾ?" ಕೇಳಿಯೇ ಕೇಳುತ್ತಾರೆ. ಇವರಿಗೆ ನೈಟ್ ಶಿಫ್ಟ್ ಇರುವ ವಾರ ನಾವು ಒಬ್ಬರ ಮುಖ ಒಬ್ಬರು ನೋಡುವುದೇ ಬೆಳಗ್ಗೆ ಬಾಗಿಲಲ್ಲಿ. ಆ ವಾರಗಳನ್ನು ಕ್ಯಾಲೆಂಡರಿನ ಚುಕ್ಕಿಗಳ ಪಕ್ಕ ಇಟ್ಟು ನೋಡಿದೆವು. ಬೇಕಾದ ದಿನಗಳೇ ಎಷ್ಟೋ ಸಲ ನೈಟ್ ಶಿಫ್ಟಿಗೆ ಬಿದ್ದಿದ್ದವು. ಇಬ್ಬರೂ ಮನೆಯಲ್ಲೇ ಒಮ್ಮೆ ಬಾಯಿಬಿಟ್ಟು ಮಾತಾಡಿದ್ದರಿಂದ ಅಲ್ಲಿ ತಲೆ ತಗ್ಗಿಸುವಂತಾಗಲಿಲ್ಲ.

ಅತ್ತೆ ತಾನೂ ಬರುತ್ತೇನೆ ಅಂತ ಸೀರೆ ತೆಗೆದಿಟ್ಟಿದ್ದರು. ಕೆಟ್ಟವರಲ್ಲ, ಕಾಳಜಿಯೇ. ಆದರೆ ಮೇಲೆ ಹೇಳಿದ ಒಂದು ಪ್ರಶ್ನೆಗೂ ಅವರೆದುರು ಉತ್ತರ ಕೊಡಲು ಆಗುವುದಿಲ್ಲ. ಇದನ್ನು ಸೊಸೆ ಹೇಳಿದರೆ ಜಗಳ, ಮಗ ಹೇಳಿದರೆ ಮಾತು. ಇವರೇ "ಅಮ್ಮ, ಮೊದಲ್ನೇ ಸಲ ಗಂಡ ಹೆಂಡ್ತಿ ಮಾತ್ರ ಬನ್ನಿ ಅಂದಿದಾರೆ" ಅಂದರು. ಯಾರೂ ಹಾಗೆ ಅಂದಿರಲಿಲ್ಲ. ನಿಮ್ಮ ಮನೆಯಲ್ಲಿ ಈ ಉಪಾಯ ನಡೆಯದಿದ್ದರೆ, ಒಳಗೆ ಹೋದ ಮೇಲೆ "ಡಾಕ್ಟರ್, ಸ್ವಲ್ಪ ನಾವಿಬ್ಬರೇ ಮಾತಾಡ್ಬೇಕು" ಅನ್ನಿ. ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಹೊರಡುವ ದಿನದ್ದು ಜಾಸ್ತಿ ಏನಿಲ್ಲ. ಚೂಡಿದಾರವೋ ಸೀರೆಯೋ, ಸಡಿಲವಾಗಿರಲಿ, ಸ್ಕ್ಯಾನಿಂಗಿಗೆ ಸುಲಭ. ಹೊಟ್ಟೆ ಮೇಲಿನ ಸ್ಕ್ಯಾನಿಗೆ ನೀರು ಕುಡಿದು ಮೂತ್ರ ತುಂಬಿರಬೇಕು. ಒಳಗಿನಿಂದ ಮಾಡುವುದಕ್ಕೆ ಖಾಲಿ ಇರಬೇಕು. ಯಾವುದು ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಮುಟ್ಟಾಯಿತು ಅಂತ ಹೋಗುವುದನ್ನು ಮುಂದೂಡಬೇಡಿ. ಎರಡು ಮೂರನೇ ದಿನ ಮಾಡುವ ಹಾರ್ಮೋನ್ ಪರೀಕ್ಷೆಗೆ ಅದೇ ಸರಿಯಾದ ಸಮಯ.

ಒಳಗೆ ಡಾಕ್ಟರ್ ಹಾಳೆ ತೆಗೆದುಕೊಂಡು ಕಣ್ಣಾಡಿಸಿದರು. ಟಿಬಿ ಅಂದಲ್ಲಿ ಪೆನ್ನಿನಿಂದ ಸುತ್ತು ಹಾಕಿದರು. "ಹಾಗಾದ್ರೆ ನಿಮ್ಮ ಟ್ಯೂಬ್ ಟೆಸ್ಟನ್ನ ತುಂಬಾ ಮುಂದಕ್ಕೆ ಹಾಕೋದು ಬೇಡ. ಆದ್ರೆ ಮೊದಲು ಇವರ ರಿಪೋರ್ಟ್ ಬರಲಿ" ಅಂದರು. ನಾನು ಹಾಳೆಯ ಕೊನೆಯಲ್ಲಿ ಬರೆದಿಟ್ಟಿದ್ದ ಪ್ರಶ್ನೆಗಳನ್ನು ಕೇಳಿದೆ. ಯಾವ ಟೆಸ್ಟ್ ಈಗಲೇ ಬೇಕು, ಯಾವುದು ಕಾಯಬಹುದು? ಹೊರಗಿನ ಲ್ಯಾಬಿನಲ್ಲಿ ಮಾಡಿಸಬಹುದಾ? ಎಲ್ಲಾ ಸೇರಿ ಎಷ್ಟಾಗಬಹುದು? ದುಡ್ಡಿನ ಪ್ರಶ್ನೆಗೆ ಸಂಕೋಚ ಪಡಬೇಡಿ. ನನಗೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸ್ಕ್ಯಾನಿಂಗ್, ರುಬೆಲ್ಲಾ (ಜರ್ಮನ್ ದಡಾರ) ತಡೆಯುವ ಶಕ್ತಿ ಇದೆಯಾ ಅನ್ನುವ ರಕ್ತ ಪರೀಕ್ಷೆ ಬರೆದರು. ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ. ಗರ್ಭ ನಿಂತ ಮೇಲಲ್ಲ, ಪ್ರಯತ್ನ ಶುರು ಮಾಡಿದಾಗಿನಿಂದಲೇ ದಿನಾ ತೆಗೆದುಕೊಳ್ಳಬೇಕಾದ ಮಾತ್ರೆ ಅದು.

ಇವರ ವೀರ್ಯ ಪರೀಕ್ಷೆಗೂ ದಿನ ನೋಡಬೇಕಾಯಿತು. ಕೊಡುವ ಮುಂಚೆ ಎರಡರಿಂದ ಏಳು ದಿನ ಬಿಡುವಿರಬೇಕು, ಕಡಿಮೆಯೂ ಅಲ್ಲ ಜಾಸ್ತಿಯೂ ಅಲ್ಲ. ಸೋಪು, ಎಣ್ಣೆ ಏನೂ ತಾಗಬಾರದು. ಮಾಮೂಲಿ ನಿರೋಧ್‌ನಲ್ಲಿ ಹಿಡಿದದ್ದು ಆಗುವುದಿಲ್ಲ. ಮೊದಲ ಹನಿ ಚೆಲ್ಲಿಹೋದರೆ ಹೇಳಿಬಿಡಬೇಕು, ಯಾಕೆಂದರೆ ಜಾಸ್ತಿ ವೀರ್ಯಾಣು ಇರುವುದು ಅದರಲ್ಲೇ. ಲ್ಯಾಬಿನ ಬಾತ್‌ರೂಮಿನಲ್ಲಿ ಹೊರಗೆ ಜನ ಬಾಗಿಲು ಬಡಿಯುತ್ತಿದ್ದರೆ ಯಾರಿಗೆ ತಾನೇ ಆಗುತ್ತದೆ? ಮನೆಯಿಂದ ತರಬಹುದಾ ಅಂತ ಕೇಳಿದೆವು. ಒಂದು ಗಂಟೆಯೊಳಗೆ ತಲುಪಿಸುವುದಾದರೆ ತನ್ನಿ ಅಂದರು, ಡಬ್ಬಿಯನ್ನು ಬ್ಯಾಗಿನಲ್ಲಿ ತಣ್ಣಗೆ ಬಿಡದೆ ಮೈಗೆ ತಾಗಿಸಿ ಇಟ್ಟುಕೊಳ್ಳಿ ಅಂದರು. ಮೊದಲ ರಿಪೋರ್ಟ್ ಕಡಿಮೆ ಬಂದರೆ ಇನ್ನೊಮ್ಮೆ ಮಾಡಿಸಿಯೇ ತೀರ್ಮಾನ, ಅದಕ್ಕೂ ಮುಂಚೆ ಇಂಟರ್ನೆಟ್ ನೋಡಬೇಡಿ ಅಂತಲೂ ಹೇಳಿ ಕಳಿಸಿದರು. ಇವರು ನೈಟ್ ಶಿಫ್ಟ್ ಇಲ್ಲದ ವಾರ ನೋಡಿ, ಸೂಪರ್‌ವೈಸರಿಗೆ ಬ್ಯಾಂಕ್ ಕೆಲಸ ಇದೆ ಅಂತ ಹೇಳಿ ಅರ್ಧ ದಿನ ರಜೆ ಬರೆದರು.