ಸೋಡಾ ಅಂತ ಬರೆದಿದ್ದೆಲ್ಲ ಅಡುಗೆ ಸೋಡಾ ಅಲ್ಲ: ಜರ್ಮನಿಗೆ ಹೊರಟಿರೋ ಮಲ್ನಾಡಿನ ಮಕ್ಕಳಿಗೆ

ರಜೆಗೆ ತೀರ್ಥಹಳ್ಳಿಗೆ ಬಂದಿದೀನಿ, ಮಳೆ ಬಿಡ್ತಾನೇ ಇಲ್ಲ. ಅಕ್ಟೋಬರ್‌ಗೆ ಜರ್ಮನಿಗೆ ಓದಕ್ಕೆ ಹೊರಟಿರೋ ಪಕ್ಕದ್ಮನೆ ಹುಡುಗಿ ದಿನಾ ಸಂಜೆ ಬಂದು ಜಗಲಿ ಮೇಲೆ ಕೂತು ಏನೇನು ತಗೊಂಡು ಹೋಗ್ಲಿ ಅಕ್ಕಾ ಅಂತ ಕೇಳ್ತಾಳೆ. ನಿನ್ನೆ ಅವಳಮ್ಮ ಕಟ್ಟಿಟ್ಟಿದ್ದ ಚೀಲ ಬಿಚ್ಚಿದ್ರೆ ಐದು ಕವರಲ್ಲಿ ಐದು ಬಿಳಿ ಪುಡಿ, ಅಂಟಿಸಿದ್ದ ಚೀಟಿಯೆಲ್ಲ ಥಂಡಿಗೆ ಕಿತ್ತು ಚೀಲದ ತಳದಲ್ಲಿ ಬಿದ್ದಿದಾವೆ. ಅವಳು ಬೆರಳಲ್ಲಿ ಅದ್ದಿ ನಾಲಿಗೆಗೆ ಇಡೋಕೆ ಹೋದ್ಲು, ನಾನು ಕೈ ಹಿಡ್ಕೊಂಡೆ. ರುಚಿ ನೋಡಿ ಪತ್ತೆ ಮಾಡೋ ಅಭ್ಯಾಸ ದಯವಿಟ್ಟು ಊರಲ್ಲೇ ಬಿಟ್ಟು ಹೋಗಿ, ಅಲ್ಲಿ ನಾಲ್ಕೈದು ಜನ ಸೇರಿ ಬಾಡಿಗೆಗಿರೋ ಮನೇಲಿ ಒಂದೇ ಕಪಾಟಲ್ಲಿ ಹಿಟ್ಟೂ ಇರುತ್ತೆ ಪೈಪ್ ತೊಳೆಯೋ ಪುಡೀನೂ ಇರುತ್ತೆ.

ನಾನು ಜರ್ಮನಿಗೆ ಹೋದ ಮೊದಲ ಚಳಿಗಾಲದಲ್ಲಿ ಬೋಂಡ ಮಾಡಕ್ಕೆ ಅಂತ ಅಂಗಡೀಲಿ ಸೋಡಾ ಅಂತ ದೊಡ್ಡದಾಗಿ ಬರೆದಿದ್ದ ಪ್ಯಾಕೆಟ್ ತಗೊಂಡೆ, ಕಡ್ಲೆಹಿಟ್ಟಿಗೆ ಅರಶಿನ ಹಾಕಿ ಅದನ್ನೂ ಹಾಕಿ ಕಲೆಸಿದ್ರೆ ಹಿಟ್ಟು ಕೆಂಪಗಾಯ್ತು. ಆಗಲೇ ಗೊತ್ತಾಗ್ಬೇಕಿತ್ತು, ಗೊತ್ತಾಗ್ಲಿಲ್ಲ, ಕರಿದು ಬಾಯಿಗಿಟ್ಟಾಗ ಸೋಪಿನ ರುಚಿ, ನಾಲಿಗೆ ಉರಿ. ಅಷ್ಟನ್ನೂ ಚೆಲ್ಲಿದೆ. ಜರ್ಮನ್‌ನಲ್ಲಿ ಬರೀ ಸೋಡಾ ಅಂದ್ರೆ ಬಟ್ಟೆ ಸೋಡಾ, ಅಂದ್ರೆ ಸೋಡಿಯಂ ಕಾರ್ಬೊನೇಟ್. ನಮ್ಮ ಅಡುಗೆ ಸೋಡಾಕ್ಕೆ ಅಲ್ಲಿ ನಾಟ್ರೋನ್ ಅಂತಾರೆ, ಇದು ಸೋಡಿಯಂ ಬೈಕಾರ್ಬೊನೇಟ್. ಬಾಕ್‌ಪುಲ್ವರ್ ಅಂದ್ರೆ ಬೇಕಿಂಗ್ ಪೌಡರ್, ಅದು ಮೂರನೇದೇ ಒಂದು. ಈ ಮೂರು ಹೆಸರು ಬಾಯಿಪಾಠ ಮಾಡ್ಕೊಳ್ಳಿ.

ಆ ಹಿಟ್ಟು ಯಾಕೆ ಕೆಂಪಾಯ್ತು ಅಂತ ನಮ್ಮ ಅಜ್ಜಿಯಂದ್ರಿಗೆ ಗೊತ್ತು. ಆರತಿಗೆ ಅರಶಿನದ ನೀರಿಗೆ ಚೂರು ಸುಣ್ಣ ಹಾಕಿದ್ರೆ ಓಕುಳಿ ಆಗುತ್ತಲ್ಲ, ಅದೇ ಇದು. ಕ್ಷಾರ ಜೋರಾಗಿದ್ರೆ ಅರಶಿನ ಕೆಂಪಾಗುತ್ತೆ. ಹುಳಿ-ಕ್ಷಾರ ಅಳೆಯೋ ಪಿಎಚ್ ಅನ್ನೋ ಅಳತೇಲಿ 7 ದಾಟಿ ಮೇಲೆ ಹೋದಷ್ಟೂ ಕ್ಷಾರ ಜೋರು; ಅಡುಗೆ ಸೋಡಾದ ಪಿಎಚ್ ಸುಮಾರು 8.3, ಬಟ್ಟೆ ಸೋಡಾದ್ದು 11ರ ಹತ್ರ. ಹಂಗಾಗಿ ಬಿಳಿ ತಟ್ಟೇಲಿ ಎರಡು ಕಡೆ ಅರಶಿನ ನೀರು ಹನಿಸಿ, ಒಂದಕ್ಕೆ ಗೊತ್ತಿರೋ ಅಡುಗೆ ಸೋಡಾ, ಇನ್ನೊಂದಕ್ಕೆ ಗೊತ್ತಿಲ್ಲದ ಪುಡಿ ಹಾಕಿ ನೋಡಿ. ಅಡುಗೆ ಸೋಡಾ ಹಾಕಿದ್ದು ಸ್ವಲ್ಪ ಕಿತ್ತಳೆ ಕಡೆ ತಿರುಗಬಹುದು ಅಷ್ಟೇ, ಬಟ್ಟೆ ಸೋಡಾ ಹಾಕಿದ್ದು ಓಕುಳಿ ಥರಾನೇ ಕೆಂಪು. ಪಕ್ಕದಲ್ಲಿ ಗೊತ್ತಿರೋದನ್ನ ಇಟ್ಕೊಂಡು ಹೋಲಿಸದೆ ಯಾವ ಬಣ್ಣಾನೂ ನಂಬಬೇಡಿ. ಅರಶಿನ ಇಲ್ದಿದ್ರೆ ನೇರಳೆ ಕೋಸು ಕುದಿಸಿದ ನೀರು ಆಗುತ್ತೆ, ಅಲ್ಲಿ ಎಲ್ಲಾ ಕಡೆ ಸಿಗುತ್ತೆ, ಹುಳಿಗೆ ಗುಲಾಬಿ ಆಗುತ್ತೆ, ಕ್ಷಾರಕ್ಕೆ ನೀಲಿ-ಹಸಿರು.

ವಿನೆಗರ್ ಹಾಕಿದ್ರೆ ನೊರೆ ಬರುತ್ತೆ, ಅದೇ ಸೋಡಾ ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ಸತ್ಯ ಮಾತ್ರ. ಅಡುಗೆ ಸೋಡಾ, ಬಟ್ಟೆ ಸೋಡಾ, ಬೇಕಿಂಗ್ ಪೌಡರ್, ಸೀಮೆಸುಣ್ಣದಂಥ ಕಲ್ಲಿನ ಪುಡಿ, ಎಲ್ಲದರಲ್ಲೂ ಕಾರ್ಬನ್ ಡೈಆಕ್ಸೈಡ್ ಬಿಡುಗಡೆ ಆಗಿ ನೊರೆ ಬರಬಹುದು. ಬೇಕಿಂಗ್ ಪೌಡರ್ ಬೇರೆ ಮಾಡೋದು ಸುಲಭ, ಅದರಲ್ಲಿ ಸೋಡಾ ಜೊತೆ ಹುಳಿ ಪುಡೀನೂ ಇರೋದ್ರಿಂದ ಬರೀ ಬಿಸಿನೀರಿಗೇ ನೊರೆ ಉಕ್ಕುತ್ತೆ. ಒಂದು ಎಚ್ಚರಿಕೆ, ಅಲ್ಲಿ ವಿನೆಗರ್ ಪಕ್ಕದಲ್ಲೇ ಎಸ್ಸಿಗ್ ಎಸೆನ್ಸ್ ಅಂತ ಇಟ್ಟಿರ್ತಾರೆ, ಅದು ಸುಮಾರು 25 ಪರ್ಸೆಂಟ್ ಆಸಿಡ್, ಮಾಮೂಲಿ ವಿನೆಗರ್ 5ರ ಆಸುಪಾಸು. ಆ ಎಸೆನ್ಸನ್ನ ಹಂಗೇ ಬಳಸಬೇಡಿ.

ಹಿಟ್ಟುಗಳಿಗೆ ಅಯೋಡಿನ್. ಗಾಯಕ್ಕೆ ಹಾಕೋ ಬೆಟಾಡಿನ್‌ನಲ್ಲಿ ಅದಿರುತ್ತೆ, ಒಂದು ಹನಿ ನೀರಿಗೆ ಬೆರೆಸಿ ಪುಡಿ ಮೇಲೆ ಹಾಕಿದ್ರೆ ಪಿಷ್ಟ ಇದ್ದಲ್ಲಿ ಕಡು ನೀಲಿ ಇಲ್ಲಾ ಕಪ್ಪು ಆಗುತ್ತೆ. ಅಕ್ಕಿ ಹಿಟ್ಟು, ಮೈದಾ, ಕಾರ್ನ್‌ಫ್ಲೋರ್ ಮೂರೂ ಕಪ್ಪಾಗ್ತಾವೆ, ಹಂಗಾಗಿ ಮೈದಾ ಹೌದಾ ಅಂತ ನೋಡಕ್ಕೆ ನೀರು ಹಾಕಿ ನಾದಿ, ರಬ್ಬರಿನ ಥರ ಎಳೆದ್ರೆ ಮೈದಾ. ಕಾರ್ನ್‌ಫ್ಲೋರ್ ಸ್ವಲ್ಪ ನೀರಲ್ಲಿ ಕಲೆಸಿ ಅದುಮಿದ್ರೆ ಗಟ್ಟಿ, ಬಿಟ್ರೆ ಹರಿಯುತ್ತೆ. ಉಪ್ಪು ಸಕ್ಕರೆ ಗೊಂದಲ ಆದ್ರೆ ಹಳೇ ಚಮಚದಲ್ಲಿ ಬಿಸಿ ಮಾಡಿ, ಸಕ್ಕರೆ ಕರಗಿ ಕಂದಾಗುತ್ತೆ, ಉಪ್ಪು ಕರಗಕ್ಕೆ 801 ಡಿಗ್ರಿ ಬೇಕು, ಚಟಪಟ ಅಂದ್ರೂ ಬಿಳೀನೇ ಉಳಿಯುತ್ತೆ.

ಇದೆಲ್ಲ ಅಡುಗೆ ಪುಡಿ ಅಂತ ಅಂದಾಜಿದ್ರೆ ಮಾತ್ರ, ಮತ್ತೆ ಚಿಟಿಕೆಯಷ್ಟೇ. ಬಾತ್‌ರೂಮಲ್ಲಿ ಸಿಂಕ್ ಕೆಳಗೆ ಹೆಸರಿಲ್ಲದ ಬಿಳಿ ಹರಳು ಸಿಕ್ರೆ ಮುಟ್ಟಬೇಡಿ, ನೀರೂ ಹಾಕಬೇಡಿ, ಪೈಪ್ ಕ್ಲೀನರ್‌ನಲ್ಲಿ ಕಾಸ್ಟಿಕ್ ಸೋಡಾ ಇರುತ್ತೆ, ನೀರು ಬಿದ್ರೆ ಕುದಿಯೋ ಹಂಗೆ ಬಿಸಿಯಾಗಿ ಚರ್ಮ ಕಣ್ಣು ಸುಡುತ್ತೆ. ಬ್ಲೀಚ್ ಇರೋ ಜಾಗದಲ್ಲಂತೂ ವಿನೆಗರ್ ತಗೀಲೇಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಪರೀಕ್ಷೆ ಮಾಡಿದ ಚೂರನ್ನ ಯಾವತ್ತೂ ತಿನ್ನಬೇಡಿ. ಯಾರಾದ್ರೂ ಏನಾದ್ರೂ ನುಂಗಿಬಿಟ್ರೆ 112ಕ್ಕೆ ಫೋನ್ ಮಾಡಿ.

ಆ ಹುಡುಗಿಯ ಐದು ಕವರಿಗೆ ಬರ್ತೀನಿ. ಅಡುಗೆ ಸೋಡಾ, ಉಪ್ಪು, ಸಕ್ಕರೆ ಪುಡಿ ಬೇಗ ಸಿಕ್ಕಿದ್ವು. ಉಳಿದ ಎರಡೂ ಅಕ್ಕಿ ಹಿಟ್ಟು ಅಂತ ಅಂದ್ಕೊಂಡಿದ್ಲು, ಬೆಟಾಡಿನ್ ಹಾಕಿದ್ರೆ ಒಂದು ಕಪ್ಪಾಯ್ತು, ಇನ್ನೊಂದು ಕಂದು ಬಣ್ಣದಲ್ಲೇ ಇತ್ತು, ಅದಕ್ಕೆ ವಿನೆಗರ್ ಬಿಟ್ರೆ ಸುಯ್ ಅಂತ ಗುಳ್ಳೆ. ಅವಳಮ್ಮನ್ನ ಕೇಳಿದ್ವಿ. ದೀಪಾವಳಿಗೆ ಬಾಗಿಲ ಮುಂದೆ ಹಾಕ್ಲಿ ಅಂತ ಇಟ್ಟಿದ್ದ ರಂಗೋಲಿ ಪುಡಿಯಂತೆ. ಅದನ್ನ ಬೇರೆ ಡಬ್ಬಿಗೆ ಹಾಕಿ, ಮೇಲೆ ಮಾರ್ಕರಲ್ಲಿ ರಂಗೋಲಿ, ತಿನ್ನೋದಲ್ಲ ಅಂತ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೆದು ಬಟ್ಟೆ ಜೊತೆ ಇಟ್ವಿ.