ಮಕ್ಕಳ ಕತ್ತು ನೋಡುವುದು ಹೇಗೆ?

ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡ ಶಾಲೆಗೆ ಬರುವ ಮೊದಲು, ಗಳಗಂಡ (ಅಯೋಡಿನ್ ಸಾಲದೆ ಕತ್ತಿನ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವುದು) ಇದೆಯಾ ಎಂದು ಟೀಚರ್ ಒಮ್ಮೆ ಮಕ್ಕಳ ಕತ್ತು ನೋಡಿಟ್ಟರೆ ಡಾಕ್ಟರ್ ಕೆಲಸ ಹಗುರ. ಆದರೆ ಕೊಪ್ಪಳದ ಕಡೆ ಶಾಲೆಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ದವಡೆ ಕೆಳಗೆ ಗಂಟು ಸಿಕ್ಕರೆ ಸಾಕು, ‘ಥೈರಾಯ್ಡ್’ ಎಂದು ಬರೆದುಬಿಡುತ್ತಾರೆ. ಥೈರಾಯ್ಡ್ ಅಲ್ಲಿ ಇರುವುದೇ ಇಲ್ಲ! ಹಲ್ಲು ಹುಳುಕಾದರೂ, ಬಾಯಲ್ಲಿ ಹುಣ್ಣಾದರೂ ಅಲ್ಲಿ ಗಂಟು ಬರುತ್ತದೆ.

ಮೊದಲು ಮಗುವನ್ನು ಬೆಳಕಿಗೆ ಮುಖ ಮಾಡಿ ನಿಲ್ಲಿಸಿ, ಕಾಲರ್ ಗುಂಡಿ ಬಿಚ್ಚಿಸಿ. ಹೆಣ್ಣುಮಕ್ಕಳನ್ನು ಟೀಚರಮ್ಮನೇ ನೋಡಲಿ. ತಲೆ ನೇರ ಇರುವಾಗಲೇ ಕತ್ತಿನ ಮುಂದೆ, ಗಂಟಲಮಣಿಯ ಕೆಳಗೆ ಊತ ಕಣ್ಣಿಗೆ ಬಿದ್ದರೆ ಅದು ಎರಡನೇ ಹಂತದ ಗಳಗಂಡ.

ಕಾಣದಿದ್ದರೆ ಮುಟ್ಟಿ ನೋಡಬೇಕು. ಜನ ಎಡವುವುದು ಇಲ್ಲೇ. ಮಗುವಿನ ಎದುರು, ಅದರ ಎತ್ತರಕ್ಕೆ ಕುಳಿತುಕೊಳ್ಳಿ. ಗಂಟಲಮಣಿಗಿಂತ ಸ್ವಲ್ಪ ಕೆಳಗೆ, ಶ್ವಾಸನಾಳದ ಎರಡೂ ಬದಿಗೆ ನಿಮ್ಮ ಹೆಬ್ಬೆರಳು ಹಗುರವಾಗಿ ಇಡಿ. ಒತ್ತಬೇಡಿ, ಒತ್ತಿದರೆ ಮಗು ಹೆದರಿ ಕತ್ತು ಬಿಗಿ ಹಿಡಿಯುತ್ತದೆ. ಈಗ ಒಂದು ಗುಟುಕು ನೀರು ಕೊಟ್ಟು ನುಂಗಲು ಹೇಳಿ. ನುಂಗುವಾಗ ಬೆರಳಡಿಯಲ್ಲಿ ಮೆತ್ತಗೆ ಮೇಲಕ್ಕೆ ಜಾರುವುದೇ ಥೈರಾಯ್ಡ್. ಅದರ ಒಂದು ಬದಿಯ ಗಾತ್ರ ಆ ಮಗುವಿನ ಹೆಬ್ಬೆರಳ ತುದಿಗೆಣ್ಣಿಗಿಂತ ದೊಡ್ಡದಿದ್ದರೆ ಮೊದಲನೇ ಹಂತ. ಅಳತೆ ಮಗುವಿನ ಬೆರಳಿನದೇ, ನಿಮ್ಮದಲ್ಲ. ಅನುಮಾನವಿದ್ದರೆ ಮತ್ತೊಂದು ಗುಟುಕು ಕೊಡಿ.

ಹೆಸರನ್ನು ತರಗತಿಯಲ್ಲಿ ಕೂಗಿ ಹೇಳಬೇಡಿ. ಚೀಟಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಅಯೋಡಿನ್ ಹನಿ, ಮಾತ್ರೆ ತಾವಾಗಿಯೇ ಕೊಡಬಾರದು. ಊತ ಇಳಿಯಲು ತಿಂಗಳುಗಳೇ ಬೇಕು.

ಮಕ್ಕಳ ಕತ್ತು ನೋಡಿ ಅಡುಗೆಮನೆ ನೋಡದಿದ್ದರೆ ಅರ್ಧ ಕೆಲಸ. 6ರಿಂದ 12 ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಅಯೋಡಿನ್ 120 ಮೈಕ್ರೋಗ್ರಾಂ ಮಾತ್ರ. ಆದರೆ ಅದು ದಿನವೂ ಬೇಕು. ಸಂತೆಯಲ್ಲಿ ಚೀಲ ಬಿಚ್ಚಿಟ್ಟು ಮಾರುವ ಕಲ್ಲುಪ್ಪನ್ನು ಬಿಸಿಯೂಟಕ್ಕೆ ತರಲೇಬೇಡಿ. ತೊಳೆದು ಹಾಕುವುದಂತೂ ಬೇಡವೇ ಬೇಡ, ಇರುವ ಅಯೋಡಿನ್ ನೀರಿಗೆ ಹೋಗುತ್ತದೆ. ‘ಗುಲಾಬಿ ಉಪ್ಪು ಒಳ್ಳೆಯದು’ ಎಂದು ಜಾಸ್ತಿ ದುಡ್ಡು ಕೊಡುವುದೂ ಸುಮ್ನೆ. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದ್ದು ಎಂದಿರಲಿ, ಅಷ್ಟೇ. ಭರಣಿಗೆ ಬಿಗಿ ಮುಚ್ಚಳ, ಒಲೆಯಿಂದ ದೂರ. ಸಾರಿಗೆ ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಿ.

ಆಶಾ ಕಾರ್ಯಕರ್ತೆಯರ ಬಳಿ ಉಪ್ಪು ಪರೀಕ್ಷಿಸುವ ಕಿಟ್ ಇದ್ದರೆ ಕೇಳಿ. ಒಂದು ಚಮಚ ಉಪ್ಪಿನ ಮೇಲೆ ದ್ರಾವಣದ ಹನಿ ಬಿದ್ದಾಗ ನೀಲಿ-ನೇರಳೆ ಬಣ್ಣ ಬರಬೇಕು. ಅದನ್ನು ಕಾರ್ಡಿನ ಬಣ್ಣದ ಜೊತೆ ಹೋಲಿಸಿ, ಅಯೋಡಿನ್ 15 ಪಿಪಿಎಂಗಿಂತ (ಅಂದರೆ ಕಿಲೋ ಉಪ್ಪಿಗೆ 15 ಮಿಲಿಗ್ರಾಂಗಿಂತ) ಕಡಿಮೆಯಿದ್ದರೆ ಆ ಉಪ್ಪು ಬದಲಿಸಿ. ಬಣ್ಣವೇ ಬರದಿದ್ದರೆ, ಬೇರೆ ಚಮಚ ಉಪ್ಪಿಗೆ ಮೊದಲು ಮರುಪರೀಕ್ಷೆಯ ದ್ರಾವಣ ಹಾಕಿ ಇನ್ನೊಮ್ಮೆ ನೋಡಿ. ಕಿಟ್‌ನ ಅವಧಿ ಮುಗಿದಿದೆಯಾ ಎಂದೂ ನೋಡಿಕೊಳ್ಳಿ.