ರಿಮಿನಿಯ ಅಗ್ಗದ ಹೋಟೆಲ್‌ನಲ್ಲಿ ಉಳಿಯುವ ಬಗೆ: ಬೆಳಗಾವಿ ಕಡೆಯ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ಇಟಲಿಯ ಪೂರ್ವ ಕರಾವಳಿಯಲ್ಲಿ, ಏಡ್ರಿಯಾಟಿಕ್ ಸಮುದ್ರದ ದಂಡೆಯ ಮೇಲಿರುವ ರಿಮಿನಿ, ಶ್ರೀಮಂತರಿಗಿಂತ ಹೆಚ್ಚಾಗಿ ನೌಕರಿಯವರು ಮತ್ತು ಸಣ್ಣ ವ್ಯಾಪಾರಸ್ಥರು ಮಕ್ಕಳುಮರಿ ಕಟ್ಟಿಕೊಂಡು ಬೇಸಿಗೆ ಕಳೆಯಲು ಬರುವ ಊರು. ಅಲ್ಲಿ ಮೊದಲ ಸಮುದ್ರಸ್ನಾನ ಗೃಹ ತೆರೆದದ್ದು 1843ರಲ್ಲಿ. ಇಂದು ಸುಮಾರು 15 ಕಿಲೋಮೀಟರ್ ಉದ್ದದ ಮರಳು ದಂಡೆಯ ಹಿಂದೆ ನೂರಾರು ಸಣ್ಣ ಹೋಟೆಲ್‌ಗಳು ಒತ್ತೊತ್ತಾಗಿ ನಿಂತಿವೆ. ಅವುಗಳಲ್ಲಿ ಹಲವನ್ನು ಇಂದಿಗೂ ಒಂದೇ ಮನೆತನದವರು ನಡೆಸುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಿಂದ ಯುರೋಪಿಗೆ ಸ್ವಂತವಾಗಿ ಹೊರಡುವ ಕುಟುಂಬಗಳು ವೆನಿಸ್ ಮತ್ತು ರೋಮ್‌ಗಳ ನಡುವೆ ನಾಲ್ಕು ದಿನ ನಿಂತು ವಿಶ್ರಮಿಸಲು ಇದು ಯೋಗ್ಯವಾದ ಸ್ಥಳವೆಂಬುದು ನನ್ನ ಅಭಿಪ್ರಾಯ. ಆದರೆ ಮೊಬೈಲಿನಲ್ಲಿ ಕಾಣುವ ಬಾಡಿಗೆಯನ್ನಷ್ಟೇ ನೋಡಿ ಕೋಣೆ ಹಿಡಿಯಬಾರದು. ಅಗ್ಗದ ಹೋಟೆಲ್ ನಿಜವಾಗಿಯೂ ಅಗ್ಗವೋ ಅಲ್ಲವೋ ಎಂಬುದು ಆ ಬಾಡಿಗೆಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದರ ಮೇಲೆ ನಿಲ್ಲುತ್ತದೆ. ಅದನ್ನು ಹೊರಡುವ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಯಾವಾಗ ಹೋಗಬೇಕು

ಇಟಲಿಯವರ ರಜೆ ಜುಲೈ ಮತ್ತು ಆಗಸ್ಟ್ ತಿಂಗಳುಗಳದ್ದು. ಆಗಸ್ಟ್ 15ರಂದು ಬರುವ ಫೆರಾಗೋಸ್ತೊ ಹಬ್ಬದ ಆಚೀಚೆಗಿನ ವಾರಗಳಲ್ಲಿ ಬಾಡಿಗೆ ಎಲ್ಲಕ್ಕಿಂತ ಹೆಚ್ಚಿರುತ್ತದೆ. ಒಂದೆರಡು ರಾತ್ರಿಗಾಗಿ ಕೇಳಿದರೆ ಅನೇಕ ಹೋಟೆಲ್‌ಗಳು ಕೋಣೆಯನ್ನೇ ಕೊಡುವುದಿಲ್ಲ, ಕನಿಷ್ಠ ವಾರವಾದರೂ ಉಳಿಯಬೇಕೆನ್ನುತ್ತವೆ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್–ಮೇ ತಿಂಗಳಲ್ಲಿರುವುದು ಈ ವಿಷಯದಲ್ಲಿ ನಮಗೆ ಅನುಕೂಲವೇ ಆಗಿದೆ. ಮೇ ತಿಂಗಳ ಎರಡನೆಯ ಪಕ್ಷದಲ್ಲಿ ಹೋಟೆಲ್‌ಗಳು ಬಾಗಿಲು ತೆರೆದಿರುತ್ತವೆ, ಬಾಡಿಗೆ ಇನ್ನೂ ಏರಿರುವುದಿಲ್ಲ, ವಿಜಯಪುರದ ಬಿಸಿಲಿಗೆ ಬೆಂದವರಿಗೆ ಅಲ್ಲಿನ ಹವೆ ಹಿತವಾಗಿರುತ್ತದೆ. ಸಮುದ್ರದ ನೀರು ಮಾತ್ರ ಆಗ ಇನ್ನೂ ತಣ್ಣಗಿರುತ್ತದೆಯಾದ್ದರಿಂದ ಈಜಲೇಬೇಕೆಂಬ ಆಸೆಯಿರುವವರು ಜೂನ್ ಅಥವಾ ಸೆಪ್ಟೆಂಬರನ್ನು ಆರಿಸಿಕೊಳ್ಳಬೇಕು. ದಸರಾ ರಜೆಗೆ ಹೋಗುವುದನ್ನು ನಾನು ಸೂಚಿಸುವುದಿಲ್ಲ. ಅಕ್ಟೋಬರಿನಲ್ಲಿ ಹೆಚ್ಚಿನ ಸಣ್ಣ ಹೋಟೆಲ್‌ಗಳು ಮುಚ್ಚಿ, ಕೊಡೆಗಳನ್ನೆಲ್ಲ ಮಡಚಿಟ್ಟು, ದಂಡೆ ಬಿಕೋ ಎನ್ನುತ್ತಿರುತ್ತದೆ.

ಹೋಟೆಲ್ ಆರಿಸುವುದು ಮತ್ತು ಮುಂಗಡ ಕಾಯ್ದಿರಿಸುವುದು

ಸಮುದ್ರದ ಎದುರಿನ ರಸ್ತೆಯಲ್ಲಿರುವ ಹೋಟೆಲ್‌ಗಳಿಗೆ ಬಾಡಿಗೆ ಹೆಚ್ಚು. ಅದರ ಹಿಂದಿನ ಎರಡನೆಯ, ಮೂರನೆಯ ಸಾಲಿಗೆ ಬಂದಂತೆ ಅದು ಇಳಿಯುತ್ತದೆ. ಎರಡು-ಮೂರು ನೂರು ಮೀಟರ್ ನಡೆಯಲು ಅಡ್ಡಿಯಿಲ್ಲದವರಿಗೆ ಮೂರನೆಯ ಸಾಲೇ ಸಾಕು. ಆದರೆ ನಕ್ಷೆಯಲ್ಲಿ ಇನ್ನೊಂದು ಗೆರೆಯನ್ನೂ ನೋಡಬೇಕು. ರೈಲು ಮಾರ್ಗವು ದಂಡೆಗೆ ಸಮಾನಾಂತರವಾಗಿ, ಹೆಚ್ಚು ದೂರವಿಲ್ಲದೆ ಸಾಗುತ್ತದೆ. ಹಳಿಗೆ ಅಂಟಿಕೊಂಡಿರುವ ಹೋಟೆಲ್ ಅಗ್ಗವಾಗಿರುವುದಕ್ಕೆ ಅದರ ಸದ್ದೇ ಕಾರಣವಾಗಿರಬಹುದು. ಮರೀನಾ ಚೆಂತ್ರೊ ಎಂಬ ನಡುಭಾಗದಲ್ಲಿ ಉಳಿದರೆ ರೈಲು ನಿಲ್ದಾಣವೂ, ಕ್ರಿ.ಪೂ. 27ರ ಆಗಸ್ಟಸ್ ಕಮಾನು ಮತ್ತು ಕ್ರಿ.ಶ. 21ರಲ್ಲಿ ಪೂರ್ಣಗೊಂಡ ಟೈಬೀರಿಯಸ್ ಸೇತುವೆಗಳಿರುವ ಹಳೆಯ ಊರೂ ಕಾಲ್ನಡಿಗೆಯ ದೂರದಲ್ಲಿರುತ್ತವೆ. ದಕ್ಷಿಣದ ರಿವಾಜ್ಜುರಾ, ಮಿರಾಮಾರೆ, ಉತ್ತರದ ವಿಸೆರ್ಬಾ ಮೊದಲಾದ ಭಾಗಗಳು ಇನ್ನಷ್ಟು ಅಗ್ಗ. ಅಲ್ಲಿಂದ ಊರೊಳಗೆ ಬರಲು ಬಸ್ಸು ಹಿಡಿಯಬೇಕು. ದಕ್ಷಿಣ ಭಾಗಕ್ಕೆ 2019ರಲ್ಲಿ ಆರಂಭವಾದ, ರಿಮಿನಿ ನಿಲ್ದಾಣದಿಂದ ನೆರೆಯ ಊರಾದ ರಿಚ್ಚೋನೆವರೆಗೆ ಪ್ರತ್ಯೇಕ ಪಥದಲ್ಲಿ ಓಡುವ ಮೆಟ್ರೊಮಾರೆ ಎಂಬ ಬಸ್ ಸೇವೆಯೂ ಇದೆ.

ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಅರ್ಜಿಗೆ ವಸತಿಯ ದಾಖಲೆ ಬೇಕೇ ಬೇಕು. ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಕಡ್ಡಾಯ. ವೀಸಾ ಕೈಸೇರುವವರೆಗೆ ಏನೂ ಖಚಿತವಲ್ಲದ ಕಾರಣ, ತುಸು ಹೆಚ್ಚು ಬಾಡಿಗೆಯಾದರೂ ಉಚಿತವಾಗಿ ರದ್ದುಪಡಿಸಬಹುದಾದ ಕೋಣೆಯನ್ನೇ ಕಾಯ್ದಿರಿಸಬೇಕು. ಹಣ ಮರಳಿ ಬಾರದ ಕಡಿಮೆ ದರದ ಆಸೆಗೆ ಬೀಳಬಾರದು. ಕಾಯ್ದಿರಿಸಿದ ಪತ್ರದಲ್ಲಿ ಬರುವವರೆಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳಲ್ಲೇ ಇರುವಂತೆ ನೋಡಿಕೊಳ್ಳಬೇಕು. ನಮ್ಮ ಕಡೆಯ ಅಡ್ಡಹೆಸರುಗಳನ್ನು ಒಂದೇ ಮನೆಯಲ್ಲಿ ಅಣ್ಣ ಒಂದು ರೀತಿ, ತಮ್ಮ ಒಂದು ರೀತಿ ಇಂಗ್ಲಿಷಿನಲ್ಲಿ ಬರೆಯುವುದು ಸಾಮಾನ್ಯವಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಹೋಟೆಲ್ ನಿಜವಾದದ್ದೇ ಎಂದು ಪರೀಕ್ಷಿಸಲು ಈಗ ಒಂದು ಸುಲಭ ಗುರುತಿದೆ. 2025ರ ಜನವರಿ 1ರಿಂದ ಇಟಲಿಯಲ್ಲಿ ಪ್ರವಾಸಿ ವಸತಿಗಳು ಸಿಐಎನ್ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆಯನ್ನು ಪಡೆದು, ಕಟ್ಟಡದ ಹೊರಗೂ ಜಾಹೀರಾತುಗಳಲ್ಲೂ ತೋರಿಸಬೇಕೆಂಬ ನಿಯಮ ಜಾರಿಯಲ್ಲಿದೆ. ಐಟಿ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಆ ಸಂಖ್ಯೆ ಜಾಹೀರಾತಿನಲ್ಲಿ ಇಲ್ಲದಿದ್ದರೆ ಹಣ ಕಳಿಸುವ ಮೊದಲು ಕೇಳಿ ಪಡೆಯಿರಿ.

ಕಾಯ್ದಿರಿಸಿದ ಮೇಲೆ ಹೋಟೆಲಿಗೆ ಸರಳ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬರೆಯುವುದು ಅತ್ಯಂತ ಮುಖ್ಯವಾದ ಕೆಲಸ. ಫೋನ್ ಮಾಡುವುದಾದರೆ, ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ನಮ್ಮ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಬೆಳಗಿನ ಹತ್ತೂವರೆ. ಕೋಣೆಯೊಳಗೇ ಬಚ್ಚಲು ಇದೆಯೇ ಎಂದು ಮೊದಲು ಕೇಳಬೇಕು, ಏಕೆಂದರೆ ಒಂದು ನಕ್ಷತ್ರದ ಹೋಟೆಲ್‌ಗಳಲ್ಲಿ ಅದು ಹಲವು ಕೋಣೆಗಳಿಗೆ ಒಂದೇ ಆಗಿರುವುದುಂಟು. ಏಸಿ ಬಾಡಿಗೆಯಲ್ಲಿ ಸೇರಿದೆಯೇ, ದಿನಕ್ಕೆ ಪ್ರತ್ಯೇಕ ಹಣವೇ ಎಂಬುದನ್ನು ಕೇಳಬೇಕು. ಹಿರಿಯರು ಜೊತೆಗಿದ್ದರೆ ಲಿಫ್ಟ್ ಇದೆಯೇ, ಅದು ನಿಮ್ಮ ಅಂತಸ್ತಿನವರೆಗೆ ಹೋಗುತ್ತದೆಯೇ ಎಂದು ವಿಚಾರಿಸಬೇಕು. ಊರಿನ ಆಡಳಿತ ವಿಧಿಸುವ ಪ್ರವಾಸಿ ತೆರಿಗೆ ಒಬ್ಬರಿಗೆ ಒಂದು ರಾತ್ರಿಗೆ ಎಷ್ಟು, ಎಷ್ಟು ವಯಸ್ಸಿನ ಮಕ್ಕಳಿಗೆ ವಿನಾಯಿತಿ ಎಂಬುದನ್ನೂ ಕೇಳಿ. ಇದು ಹೋಟೆಲಿನ ನಕ್ಷತ್ರಕ್ಕೆ ತಕ್ಕಂತೆ ಬದಲಾಗುತ್ತದೆ ಮತ್ತು ಸಾಮಾನ್ಯವಾಗಿ ಆನ್‌ಲೈನಿನಲ್ಲಿ ಕಟ್ಟಿದ ಹಣದಲ್ಲಿ ಸೇರಿರದೆ ಹೋಟೆಲಿನಲ್ಲೇ ಕೊಡಬೇಕಾಗುತ್ತದೆ. ತಡರಾತ್ರಿ ತಲುಪುವುದಾದರೆ ಬಾಗಿಲು ತೆಗೆಯುವವರು ಇರುತ್ತಾರೆಯೇ ಎಂದು ಕೇಳದೆ ಹೊರಡಬೇಡಿ, ಏಕೆಂದರೆ ಸಣ್ಣ ಹೋಟೆಲ್‌ಗಳಲ್ಲಿ ರಾತ್ರಿಪಾಳಿಯ ಸಿಬ್ಬಂದಿ ಇಲ್ಲದಿರುವುದೂ ಉಂಟು.

ಊಟದ ವಿಚಾರ

ರಿಮಿನಿಯ ಹೋಟೆಲ್‌ಗಳು ಮೂರು ಬಗೆಯ ದರ ಹೇಳುತ್ತವೆ. ಒಂದರಲ್ಲಿ ಬೆಳಗಿನ ಉಪಾಹಾರ ಮಾತ್ರ ಇರುತ್ತದೆ. ಮೆಡ್ಸಾ ಪೆನ್ಸಿಯೊನೆ ಎಂಬುದರಲ್ಲಿ ಉಪಾಹಾರದ ಜೊತೆಗೆ ಒಂದು ಊಟ, ಪೆನ್ಸಿಯೊನೆ ಕಂಪ್ಲೆತಾ ಎಂಬುದರಲ್ಲಿ ಎರಡೂ ಊಟ. ಮೀನು, ಮಾಂಸ ತಿನ್ನುವವರಿಗೆ ಎರಡನೆಯದು ನಿಜಕ್ಕೂ ಲಾಭದ್ದು. ಮನೆಯವರೇ ಅಡುಗೆ ಮಾಡುವ ಹೋಟೆಲಾದರೆ ಹೊರಗೆ ಅಷ್ಟು ದುಡ್ಡಿಗೆ ಅಂಥ ಊಟ ಸಿಗುವುದು ಕಷ್ಟ. ಅಲ್ಲಿ ನಾಳೆಯ ಊಟಕ್ಕೆ ಏನು ಬೇಕೆಂದು ಇಂದೇ ಚೀಟಿಯಲ್ಲಿ ಗುರುತು ಹಾಕಿಸಿಕೊಳ್ಳುವ ರೂಢಿ ಅನೇಕ ಕಡೆ ಇದೆ. ರಾತ್ರಿಯ ಊಟ ಏಳೂವರೆಯ ಸುಮಾರಿಗೆ ನಿಗದಿಯಾದ ಹೊತ್ತಿನಲ್ಲೇ ಬಡಿಸಲ್ಪಡುತ್ತದೆ. ಒಂಬತ್ತಕ್ಕೆ ಇಳಿದು ಬಂದರೆ ಅಡುಗೆಮನೆ ಮುಚ್ಚಿರುತ್ತದೆ. ಕುಡಿಯುವ ನೀರಿನ ಬಾಟಲಿಗೂ ಪ್ರತ್ಯೇಕ ಲೆಕ್ಕ ಬರೆಯಬಹುದಾದ್ದರಿಂದ ಅದನ್ನೂ ಮೊದಲೇ ಕೇಳಿಕೊಳ್ಳಬೇಕು.

ಶುದ್ಧ ಸಸ್ಯಾಹಾರಿಗಳಾದ ನಮ್ಮ ಕುಟುಂಬಗಳಿಗೆ ಮಾತ್ರ ಉಪಾಹಾರದ ದರವೊಂದೇ ಸಾಕೆಂದು ಹೇಳುತ್ತೇನೆ. ಅಲ್ಲಿ ಸಸ್ಯಾಹಾರವೆಂದರೆ ಮಾಂಸದ ತುಂಡು ಕಾಣದಿದ್ದರೆ ಸಾಕೆಂದು ತಿಳಿಯುವವರೂ ಇದ್ದಾರೆ. ತರಕಾರಿ ಸಾರು, ರಿಸೊಟ್ಟೊ ಅನ್ನಗಳಿಗೆ ಮಾಂಸದ ರಸ ಬಿದ್ದಿರಬಹುದು. ರಿಮಿನಿ ಇರುವ ರೊಮಾನ್ಯಾ ಪ್ರಾಂತದ ಹೆಮ್ಮೆಯ ತಿನಿಸಾದ ಪಿಯಾದಿನಾ, ಹೆಂಚಿನ ಮೇಲೆ ಬೇಯಿಸಿದ ತೆಳು ರೊಟ್ಟಿಯಾಗಿ ನಮ್ಮ ಕಣ್ಣಿಗೆ ಅತ್ಯಂತ ಆಪ್ತವಾಗಿ ಕಾಣುತ್ತದೆ. ಆದರೆ ಅದರ ಹಿಟ್ಟಿಗೆ ಸಂಪ್ರದಾಯದಂತೆ ಸ್ಟ್ರುತ್ತೊ, ಅಂದರೆ ಹಂದಿಯ ಕೊಬ್ಬು, ಬೆರೆಸಿರುತ್ತಾರೆ. ಆಲಿವ್ ಎಣ್ಣೆಯಲ್ಲಿ ಕಲಸಿದ್ದೂ ಸಿಗುತ್ತದೆ. ಅಂಗಡಿಯಲ್ಲಿ ‘ಅಲ್ಲೋಲಿಯೊ’ ಎಂದು ಕೇಳಿ, ‘ಸೆಂಟ್ಸಾ ಸ್ಟ್ರುತ್ತೊ’ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕೊಳ್ಳಬೇಕು. ಮೊಟ್ಟೆ ತಿನ್ನದವರು ಇನ್ನೊಂದು ವಿಷಯ ನೆನಪಿಡಬೇಕು: ಆ ಪ್ರಾಂತದಲ್ಲಿ ಮನೆಯಲ್ಲೇ ಲಟ್ಟಿಸುವ ತಾಜಾ ಪಾಸ್ತಾ, ಅಂದರೆ ತಾಲ್ಯಾತೆಲ್ಲೆ, ಲಸಾನ್ಯೆ ಮೊದಲಾದವು ಮೊಟ್ಟೆ ಹಾಕಿ ಕಲಸಿದವು. ಒಣ ಪಾಸ್ತಾಗಳಾದ ಸ್ಪಗೆತ್ತಿ, ಪೆನ್ನೆಗಳಲ್ಲಿ ಸಾಮಾನ್ಯವಾಗಿ ಗಟ್ಟಿ ಗೋಧಿಯ ರವೆ ಮತ್ತು ನೀರು ಮಾತ್ರ ಇರುತ್ತವೆ. (ಆ ಗೋಧಿ ನಮ್ಮ ಕಡೆಯ ಜವೆಗೋಧಿಯ ಹತ್ತಿರದ ಸಂಬಂಧಿ, ಶಾವಿಗೆ ತಿಂದು ಬೆಳೆದವರಿಗೆ ಅದರ ಕಚ್ಚು ಹೊಸದೆನಿಸುವುದಿಲ್ಲ.) ಟೊಮೆಟೊ ರಸದ ಪಾಸ್ತಾ, ಚೀಸ್ ಇಲ್ಲದ ಮರಿನಾರಾ ಪಿಜ್ಜಾ, ಬೇಯಿಸಿದ ತರಕಾರಿ, ಸಲಾಡ್ ಇವು ಎಲ್ಲೆಡೆ ಸಿಗುತ್ತವೆ. ಪಾರ್ಮಿಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ಟಿನಿಂದ ಹೆಪ್ಪುಗಟ್ಟಿಸುತ್ತಾರಾದ್ದರಿಂದ ಕಟ್ಟುನಿಟ್ಟಿನವರು ಪಾಸ್ತಾದ ಮೇಲೆ ಅದನ್ನು ಉದುರಿಸಬೇಡಿರೆಂದು ಹೇಳಬೇಕು.

ಮನೆಯಿಂದ ಒಯ್ಯುವುದಾದರೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಗಾಳಿಯಾಡದಂತೆ ಕಟ್ಟಿಕೊಳ್ಳಬಹುದು. ಆದರೆ ಭಾರತದಿಂದ ಯುರೋಪ್ ಒಕ್ಕೂಟದೊಳಗೆ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಬೆಳಗಾವಿಯ ಕುಂದಾ, ಧಾರವಾಡ ಪೇಡೆ, ಬೆಣ್ಣೆ, ತುಪ್ಪ ಇವನ್ನೆಲ್ಲ ಮನೆಯಲ್ಲೇ ಬಿಡಬೇಕು. ಹೋಟೆಲಿನವರಿಗೆ ಉಡುಗೊರೆಯಾಗಿ ಒಯ್ಯುವ ಉತ್ಸಾಹವೂ ಬೇಡ. ಕೋಣೆಯಲ್ಲಿ ವಿದ್ಯುತ್ ಒಲೆ ಹಚ್ಚಿ ಅನ್ನ ಮಾಡುವುದನ್ನು ಹೋಟೆಲಿನವರು ಒಪ್ಪುವುದಿಲ್ಲ. ಚಹಾಕ್ಕಾಗಿ ನೀರು ಕಾಯಿಸುವ ಕೆಟಲ್ ಅಗ್ಗದ ಕೋಣೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಕೆಳಗಿನ ಬಾರ್‌ನಲ್ಲಿ ಬಿಸಿನೀರು ಕೇಳಿದರೆ ಕೊಡುತ್ತಾರೆ. ನಳದ ನೀರು ಕುಡಿಯಲು ಯೋಗ್ಯವಾದದ್ದೇ.

ಕೋಣೆ ಮತ್ತು ಬಚ್ಚಲು

ಹೋಟೆಲ್ ತಲುಪಿದೊಡನೆ ಎಲ್ಲರ ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ. ಅತಿಥಿಗಳ ವಿವರವನ್ನು ಪೊಲೀಸರಿಗೆ ತಿಳಿಸುವುದು ಅಲ್ಲಿನ ಕಾನೂನಾದ್ದರಿಂದ ಅನುಮಾನಿಸಬೇಕಾಗಿಲ್ಲ. ವಿವರ ಬರೆದುಕೊಂಡ ಮೇಲೆ ಪಾಸ್‌ಪೋರ್ಟ್ ಮರಳಿ ಪಡೆಯಿರಿ. ಕೋಣೆಗಳು ಚಿಕ್ಕವು, ಎರಡು ದೊಡ್ಡ ಸೂಟ್‌ಕೇಸ್ ತೆರೆದಿಟ್ಟರೆ ನಡೆಯಲು ಜಾಗವಿರುವುದಿಲ್ಲ. ವಿದ್ಯುತ್ ನಮ್ಮಂತೆಯೇ 230 ವೋಲ್ಟ್, ಆದರೆ ಮೂರು ರಂಧ್ರಗಳು ಒಂದೇ ಸಾಲಿನಲ್ಲಿರುವ ಅಲ್ಲಿನ ಸಾಕೆಟ್ಟಿಗೆ ನಮ್ಮ ಮೂರು ಕಡ್ಡಿಯ ಪ್ಲಗ್ ಕೂರುವುದಿಲ್ಲ. ಅಡಾಪ್ಟರನ್ನು ಹೊರಡುವ ಮೊದಲು ನಮ್ಮೂರಿನಲ್ಲೇ ಕೊಂಡುಕೊಳ್ಳಿ. ಕಿಟಕಿಗೆ ಹೊರಗಿನಿಂದ ಸುರುಳಿ ಬಾಗಿಲಿರುತ್ತದೆ. ಗೋಡೆಯ ಪಕ್ಕದ ಪಟ್ಟಿಯನ್ನು ಎಳೆದರೆ ಅದು ಮೇಲೇರುತ್ತದೆ. ಮಧ್ಯಾಹ್ನ ಅದನ್ನು ಇಳಿಸಿಟ್ಟರೆ ಏಸಿ ಇಲ್ಲದ ಕೋಣೆಯೂ ಸಾಕಷ್ಟು ತಂಪಾಗಿರುತ್ತದೆ.

ಬಚ್ಚಲಿನಲ್ಲಿ ಬಕೆಟ್, ತಂಬಿಗೆ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಮಗ್ ಒಯ್ಯುವುದು ಜಾಣತನ. ಆದರೂ ಯುರೋಪಿನ ಬೇರೆ ದೇಶಗಳಿಗಿಂತ ಇಲ್ಲಿ ನಮಗೆ ಸುಖ ಹೆಚ್ಚು, ಏಕೆಂದರೆ ಕಮೋಡಿನ ಪಕ್ಕದಲ್ಲಿ ತೊಳೆದುಕೊಳ್ಳಲೆಂದೇ ನಳವಿರುವ ಬಿಡೆ ಎಂಬ, ಕುಳಿತು ಬಳಸುವ ಬೋಗುಣಿ ಸಾಮಾನ್ಯವಾಗಿ ಇರುತ್ತದೆ. ಪ್ರತಿ ಮನೆಯ ಒಂದು ಬಚ್ಚಲಿನಲ್ಲಾದರೂ ಅದು ಇರಬೇಕೆಂದು 1975ರ ಸರ್ಕಾರಿ ಆದೇಶವೇ ಹೇಳುತ್ತದೆ. ಶವರಿನ ಬಳಿ ತೂಗುಬಿಟ್ಟ ದಾರವೊಂದನ್ನು ಕಂಡು ಬಟ್ಟೆ ಒಣಹಾಕಲು ಇರಬೇಕೆಂದು ಎಳೆಯಬೇಡಿ. ಅದು ಬಿದ್ದವರು ಸಹಾಯಕ್ಕೆ ಕರೆಯುವ ಗಂಟೆ. ಈ ಮಾತನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಡಬೇಕು. ಸ್ನಾನದ ನೀರು ಹೊರಗೆ ಚೆಲ್ಲಿದರೆ ಹೋಗಲು ದಾರಿಯಿಲ್ಲದಿರಬಹುದಾದ್ದರಿಂದ ಶವರಿನ ಬಾಗಿಲನ್ನು ಪೂರ್ತಿ ಮುಚ್ಚಿಕೊಂಡೇ ಸ್ನಾನ ಮಾಡಿ.

ಸಮುದ್ರದ ದಂಡೆ

ಗೋವಾದಲ್ಲಿ ಎಲ್ಲೆಂದರಲ್ಲಿ ಚಾದರ ಹಾಸಿ ಕೂತು ರೂಢಿಯಾದವರಿಗೆ ಇಲ್ಲಿನ ವ್ಯವಸ್ಥೆ ವಿಚಿತ್ರವೆನಿಸಬಹುದು. ದಂಡೆಯ ಬಹುಭಾಗವನ್ನು ಬಾನ್ಯೊ ಎಂಬ ಖಾಸಗಿ ಸ್ನಾನಕೇಂದ್ರಗಳಿಗೆ ಪರವಾನಿಗೆಯ ಮೇಲೆ ಕೊಟ್ಟಿದ್ದು, ಅಲ್ಲಿ ಒಂದು ಕೊಡೆ ಮತ್ತು ಎರಡು ಒರಗುಮಂಚಗಳಿಗೆ ದಿನದ ಬಾಡಿಗೆ ತೆರಬೇಕು. ಕೆಲವು ಹೋಟೆಲ್‌ಗಳು ಇಂಥ ಒಂದು ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು ರಿಯಾಯಿತಿ ಕೊಡಿಸುತ್ತವೆ, ಕೆಲವು ಅದನ್ನು ಬಾಡಿಗೆಯಲ್ಲೇ ಸೇರಿಸಿರುತ್ತವೆ. ನಾಲ್ಕು ಜನರ ಕುಟುಂಬಕ್ಕೆ ಈ ಒಂದು ವ್ಯತ್ಯಾಸವೇ ಎರಡು ಹೋಟೆಲ್‌ಗಳ ನಡುವಿನ ಆಯ್ಕೆಯನ್ನು ತೀರ್ಮಾನಿಸಬಹುದು. ಹಣ ಕೊಡಲು ಇಷ್ಟವಿಲ್ಲದವರಿಗೆ ಸ್ಪಿಯಾಜಾ ಲೀಬೆರಾ ಎಂಬ ಮುಕ್ತ ದಂಡೆಯ ತುಣುಕುಗಳಿವೆ. ನೀರಿನ ಅಂಚಿನಲ್ಲಿ ನಡೆದು ಹೋಗುವುದಕ್ಕೆ ಎಲ್ಲಿಯೂ ಯಾರೂ ಹಣ ಕೇಳುವಂತಿಲ್ಲ. ಸ್ನಾನಕೇಂದ್ರಗಳಿಗೆ ಸಂಖ್ಯೆಗಳಿವೆ, ಸಾಲು ಕೊಡೆಗಳೆಲ್ಲ ಒಂದೇ ರೀತಿ ಕಾಣುವುದರಿಂದ ನಿಮ್ಮ ಸಂಖ್ಯೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ನೀರು ಬಹಳ ದೂರದವರೆಗೆ ಆಳವಿಲ್ಲದ್ದು, ಆದರೂ ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯಬಾರದು. ಪೂರ್ವ ಕರಾವಳಿಯಾದ್ದರಿಂದ ಅಲ್ಲಿ ಸೂರ್ಯ ಮುಳುಗುವುದು ಊರಿನ ಕಡೆಗೆ. ನೀರಿನ ಮೇಲೆ ಸೂರ್ಯನನ್ನು ನೋಡಬೇಕಾದರೆ ನಸುಕಿನಲ್ಲಿ ಏಳಬೇಕು.

ತಲುಪುವುದು ಮತ್ತು ಹೊರಡುವುದು

ಮುಂಬೈ ಅಥವಾ ಬೆಂಗಳೂರಿನಿಂದ ಬೊಲೋನ್ಯಾಕ್ಕೆ ವಿಮಾನ ಬದಲಿಸಿಕೊಂಡು ಹೋಗಿ, ಅಲ್ಲಿಂದ ರೈಲಿನಲ್ಲಿ ರಿಮಿನಿ ಸೇರುವುದು ಸರಳವಾದ ಹಾದಿ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳದಿದ್ದರೆ ದಂಡ ಬೀಳುತ್ತದೆ. ಹಿಂದಿರುಗುವ ದಿನ ಸಾಮಾನ್ಯವಾಗಿ ಹತ್ತು ಗಂಟೆಯೊಳಗೆ ಕೋಣೆ ತೆರವು ಮಾಡಬೇಕು. ಹಿಂದಿನ ರಾತ್ರಿಯೇ ಲೆಕ್ಕದ ಚೀಟಿ ಕೇಳಿ ಪಡೆದು, ಇಮೇಲಿನಲ್ಲಿ ಒಪ್ಪಿದ್ದರೊಡನೆ ತಾಳೆ ನೋಡಿ, ತೆರಿಗೆಯ ಹಣವನ್ನು ಚಿಲ್ಲರೆ ನಗದಿನಲ್ಲಿ ಸಿದ್ಧವಾಗಿಟ್ಟುಕೊಂಡರೆ ಬೆಳಿಗ್ಗೆ ಕೌಂಟರಿನಲ್ಲಿ ಗಡಿಬಿಡಿಯಾಗುವುದಿಲ್ಲ. ರೈಲು ಸಂಜೆಗಿದ್ದರೆ ಸಾಮಾನುಗಳನ್ನು ಹೋಟೆಲಿನಲ್ಲೇ ಬಿಟ್ಟು ಹೋಗಲು ಕೇಳಿಕೊಳ್ಳಿ. ಸಾಮಾನ್ಯವಾಗಿ ಒಪ್ಪುತ್ತಾರೆ, ಆದರೆ ಪಾಸ್‌ಪೋರ್ಟ್ ಮತ್ತು ಹಣ ನಿಮ್ಮ ಬಳಿಯೇ ಇರಲಿ.